ನಿಂತದ್ದು ಕಾಣದ ಕಣ್ಣು

"ಕಾಲಿಗೇನು ನವೆ ಹತ್ತಿದೆಯೇನೋ? ಒಂದೇ ದಾರೀಲಿ ನಾಲ್ಕು ಸಲ ಬ್ರೇಕ್ ತುಳಿದಿದೀಯಲ್ಲ, ಬೋಳೀಮಗನೆ! ಬಿಚ್ಚು ಬೂಟು!"

ಎರ್ಗಶ್ ಬಗ್ಗಿ ಬಲಗಾಲಿನ ಬೂಟು ಬಿಚ್ಚಿದ. ಕ್ಲೈಪೆಡಾ ಬಂದರಿನ ಲಾರಿ ಅಂಗಳದಲ್ಲಿ ಹಿಮ ಪಾದ ಮುಳುಗುವಷ್ಟಿತ್ತು. ಕಂಪನಿಯ ಸುರಕ್ಷತಾ ಅಧಿಕಾರಿ ವಿದ್ಮಂತಾಸ್ ಆ ಬೂಟನ್ನು ಎರಡು ಬೆರಳಲ್ಲಿ ಎತ್ತಿ, ಸಾಲಾಗಿ ನಿಂತಿದ್ದ ಉಳಿದ ಹದಿಮೂರು ಡ್ರೈವರುಗಳಿಗೆ ತೋರಿಸಿದ. ಎಲ್ಲರೂ ಫರ್ಗಾನಾ ಕಡೆಯ ಉಜ್ಬೆಕ್ಕರು. ಯಾರೂ ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ. ಹೋದ ತಿಂಗಳು ಜೊತೆಯ ಡ್ರೈವರ್ ತೋಲಿಬ್ ಕೂಡ ಹೀಗೇ ನಿಂತಿದ್ದ.

"ಲಾರಿ ಮೂತೀಲಿ ರೇಡಾರ್ ಯಾಕೋ ಕೂರಿಸಿರೋದು? ಎಂಬತ್ತೈದಕ್ಕೆ ಇಟ್ಟು ಬಿಟ್ರೆ ಅದೇ ಓಡುತ್ತೆ. ಮುಂದಿನ ಗಾಡಿ ನಿಧಾನ ಆದ್ರೆ ತಾನೂ ನಿಧಾನ ಆಗುತ್ತೆ, ಅದು ಓಡಿದ್ರೆ ತಾನೂ ಓಡುತ್ತೆ. ನಡುವೆ ನಿನ್ನ ಕಾಲಿಗೇನು ಕೆಲಸ? ನೀನು ತುಳಿದಷ್ಟೂ ಡೀಸೆಲ್ ದಂಡ."

"ನಿನ್ನೆಗಂಟ ಓಡಿಸಿದ್ದು ಹಳೇ ಲಾರಿ ಸಾಹೇಬ್ರೆ. ಅದ್ಕೆ ಓಡೋ ಗಾಡಿ ಮಾತ್ರ ಕಾಣ್ತದೆ. ಮೊದ್ಲೇ ನಿಂತಿರೋದನ್ನ ಕಂಬವೋ ಸೇತುವೆಯೋ ಅನ್ಕಂಡು ಸುಮ್ಕಾಗ್ಬುಡ್ತದೆ."

"ನಿನ್ನ ಕೇಳಿದ್ನಾ?"

ತೋಲಿಬ್‌ಗೂ ಕೊಟ್ಟಿದ್ದು ಅಂಥದೇ ಲಾರಿ. ಹನ್ನೊಂದು ದಿನದ ಹಿಂದೆ, ಪೋಲೆಂಡಿನ ಹೆದ್ದಾರಿಯಲ್ಲಿ, ಎರ್ಗಶ್ ಅವನ ಹಿಂದೆಯೇ ಬರುತ್ತಿದ್ದ. ದೂರದಲ್ಲಿ ಕಬ್ಬಿಣ ಹೇರಿದ ಲಾರಿಯೊಂದು ಕೆಟ್ಟು ನಿಂತಿತ್ತು. "ಅಣ್ಣ, ಅದು ನಿಂತೈತೋ, ಓಡ್ತಾ ಐತೋ?" ಎಂದು ತೋಲಿಬ್ ರೇಡಿಯೋದಲ್ಲಿ ಕೇಳಿದ. "ನಿಂತೈತೆ ಕಣ್ಲಾ, ತುಳಿ!" ಎಂದು ಎರ್ಗಶ್ ಕೂಗಿಕೊಂಡ. ಬ್ರೇಕಿನ ಕೆಂಪು ದೀಪ ಹೊತ್ತಿತು, ಆದರೆ ತೀರಾ ತಡವಾಗಿ. ಲಾರಿ ಹೋಗಿ ಬಡಿದು ತೋಲಿಬ್ ಅಲ್ಲೇ ಸತ್ತ. ಅವನು ಎಚ್ಚರವಾಗಿಯೇ ಇದ್ದ. ಮತ್ತೆ ಹಿಮದಲ್ಲಿ ನಿಲ್ಲುವ ನಾಚಿಕೆಗೆ ಹೆದರಿ, ಯಂತ್ರವೇ ನೋಡಿಕೊಳ್ಳಲಿ ಎಂದು ಒಂದು ಗಳಿಗೆ ಕಾದಿದ್ದ, ಅಷ್ಟೆ. ಅವತ್ತಿನಿಂದ ಎರ್ಗಶ್‌ಗೆ ಅಳುವೂ ಬಂದಿರಲಿಲ್ಲ, ಸಿಟ್ಟೂ ಬಂದಿರಲಿಲ್ಲ. ಈಗ ಹಿಮದಲ್ಲಿದ್ದ ಕಾಲೂ ತನ್ನದಲ್ಲವೇನೋ ಅನ್ನಿಸುತ್ತಿತ್ತು.

ವಿದ್ಮಂತಾಸ್ ಬೂಟನ್ನು ಎಸೆದು ಒಂದು ಕಾಗದ ಚಾಚಿದ.

"ಕಣ್ಣಾರೆ ಕಂಡೋನು ನೀನೊಬ್ಬನೇ. ತೋಲಿಬ್ ನಿದ್ದೆ ಹೋಗಿದ್ದ ಅಂತ ಬರೆದಿದೆ. ಸಹಿ ಹಾಕು, ಹೆಣ ಊರಿಗೆ ಕಳಿಸೋ ಪತ್ರ ಕೊಡ್ತೀನಿ."

"ಅವ್ನು ನಿದ್ದೆ ಮಾಡ್ತಿರ್ನಿಲ್ಲ."

"ಹಾಗಾದ್ರೆ ಪೋಲೆಂಡಲ್ಲೇ ಶವಾಗಾರದ ಪೆಟ್ಟಿಗೇಲಿ ಕೊರಡಾಗ್ಲಿ ಬಿಡು. ಲಾರಿ ಹತ್ರೋ ಎಲ್ಲಾ! ಮಧ್ಯಾಹ್ನದ ಹಡಗು ತಪ್ಪಿದ್ರೆ ಒಬ್ಬೊಬ್ಬನ ವೀಸಾನೂ ರದ್ದು ಮಾಡಿಸ್ತೀನಿ."

ತೋಲಿಬ್‌ನ ತಾಯಿ ದಿನಾ ಫೋನ್ ಮಾಡಿ ಕೇಳುತ್ತಿದ್ದುದು ಒಂದೇ ಮಾತು: "ಮಣ್ಣು ಯಾವಾಗಪ್ಪ ಮಾಡಾದು?"

ಪೊಲೀಸರು ಬಂದು ನೋಡುವ ಮೊದಲೇ ಕಂಪನಿ ಹಳೆಯ ಲಾರಿಗಳನ್ನು ಸಾಗಹಾಕಿತ್ತು. ಇವತ್ತು ಕೊಟ್ಟ ಹದಿನಾಲ್ಕೂ ಹೊಸವು. ಮುಂದಿನದು ನಿಂತರೆ ಇವೂ ತಾವಾಗಿಯೇ ನಿಲ್ಲುತ್ತಿದ್ದವು. ನಿಂತ ಮೇಲೆ ಡ್ರೈವರು ಗುಂಡಿ ಒತ್ತಿದರಷ್ಟೇ ಮತ್ತೆ ಹೊರಡುತ್ತಿದ್ದವು.

ಎರ್ಗಶ್‌ನದು ಸಾಲಿನ ಮೊದಲ ಲಾರಿ. ಹಡಗಿಗೆ ಹೋಗುವ ದಾರಿ ಕಿರಿದು, ಪಕ್ಕದಲ್ಲಿ ಸೈಕಲ್ಲೂ ತೂರುವಂತಿರಲಿಲ್ಲ. ಅರ್ಧ ದಾರಿಯಲ್ಲಿ ಅವನು ವೇಗವನ್ನು ನಲವತ್ತಕ್ಕೆ ಇಳಿಸಿದ, ಇಪ್ಪತ್ತಕ್ಕೆ ಇಳಿಸಿದ, ಆಮೇಲೆ ನಿಲ್ಲಿಸಿಯೇಬಿಟ್ಟ. ಕನ್ನಡಿಯಲ್ಲಿ ಹಿಂದಿನ ಹದಿಮೂರು ಲಾರಿಗಳು ಸಮ ಅಂತರ ಬಿಟ್ಟುಕೊಂಡು ಒಂದರ ಹಿಂದೊಂದು ನಿಂತವು.

"ಏನಣ್ಣ, ಕೆಟ್ಟೋಯ್ತಾ?" ಹಿಂದಿನ ಲಾರಿಯ ಕೊಚ್ಕೋರ್ ರೇಡಿಯೋದಲ್ಲಿ ಕೇಳಿದ.

"ಇಲ್ಲ ಕಣ್ಲಾ. ತೋಲಿಬ್ ಎಚ್ಚರಾಗಿದ್ದ ಅಂತ ಸಾಹೇಬ್ರು ಬರ್ಕೊಡೋಗಂಟ ನಾ ಹೊರಡಾಕಿಲ್ಲ."

"ಹಂಗಾರೆ ನಂದೂ ಹೊರಡಾಕಿಲ್ಲ ಬುಡು," ಎಂದ ಕೊಚ್ಕೋರ್.

ವಿದ್ಮಂತಾಸ್ ಅಂಗಳದಿಂದ ಓಡಿಬಂದು ಮೊದಲು ಕೊಚ್ಕೋರ್‌ನ ಬಾಗಿಲು ಗುದ್ದಿದ. "ಯಾಕೋ ನಿಂತೆ?"

"ನಾ ಎಲ್ಲಿ ನಿಂತೆ ಸಾಹೇಬ್ರೆ? ಮುಂದಿಂದು ನಿಂತದೆ, ಅದ್ಕೇ ಇದೂ ನಿಂತದೆ. ಬ್ರೇಕ್ ತುಳಿದಿದ್ರೆ ನಿಮ್ಮ ಕಂಪ್ಯೂಟರ್‌ನಾಗೆ ನೋಡ್ಕಳಿ."

ವಿದ್ಮಂತಾಸ್ ಎರ್ಗಶ್‌ನ ಲಾರಿಯ ಮೆಟ್ಟಿಲು ಹತ್ತಿ ಕಿಟಕಿ ಹಿಡಿದ. ಬಂದರಿನಿಂದ ಹಡಗು ಒಂದು ಸಲ ಕೂಗಿತು.

"ಗುಂಡಿ ಒತ್ತೋ, ಸೂಳೇಮಗನೆ!"

"ತೋಲಿಬ್ ಎಚ್ಚರಾಗಿದ್ದ ಅಂತ ಒಂದು ಸಾಲು ಬರ್ಕೊಡ್ರಿ."

"ಬರೆದ್ರೆ ಸತ್ತೋನು ಎದ್ದು ಬರ್ತಾನಾ?"

"ಇಲ್ಲ. ಮಣ್ಣಿಗೆ ಹೋಯ್ತಾನೆ."

ಈಗಲಾದರೂ ಸಿಟ್ಟು ಬರಲಿ ಎಂದು ಎರ್ಗಶ್ ಕಾದ. ಬರಲಿಲ್ಲ. ಅವನು ಕೀ ತಿರುಗಿಸಿ ಇಂಜಿನ್ ಆರಿಸಿದ.

ವಿದ್ಮಂತಾಸ್ ಮೆಟ್ಟಿಲ ಮೇಲಿಂದ ಹಿಂದಕ್ಕೆ ತಿರುಗಿ ನೋಡಿದ. ಕೊಚ್ಕೋರ್‌ನ ಇಂಜಿನ್ ಆರಿತು. ಅದರ ಹಿಂದಿನದು ಆರಿತು. ಅದರ ಹಿಂದಿನದೂ ಆರಿತು. ಇದನ್ನು ಯಾವ ರೇಡಾರೂ ಮಾಡಲಿಲ್ಲ. ಹದಿಮೂರು ಜನ ಕೈಯಾರೆ ಕೀ ತಿರುಗಿಸಿದ್ದರು.