ಬಾಕಿ ಇಲ್ಲ

ಪುಷ್ಪಮ್ಮನ ಚೀಲದಲ್ಲಿ ಸೀರೆಗಳಿರುತ್ತಿದ್ದವು, ಸೊಂಟದ ಸಂಚಿಯಲ್ಲಿ ಮೂರು ಕಾರ್ಡುಗಳಿರುತ್ತಿದ್ದವು. ಸೀರೆ ಮರೆತು ಬಸ್ಸಿಳಿದರೂ ಇಳಿದಾಳು, ಕಾರ್ಡು ಮರೆಯುವ ಹೆಂಗಸಲ್ಲ ಅವಳು. ಸಾಗರದ ಬಟ್ಟೆ ವ್ಯಾಪಾರಿ ಮಂಜುನಾಥಪ್ಪನವರದು ಮೂರು ಸಾವಿರದ ಕಾರ್ಡು, ತೀರ್ಥಹಳ್ಳಿಯ ಅಂಗಡಿಯದು ಎರಡು ಸಾವಿರದ್ದು, ಹೊಸನಗರದ್ದು ಒಂದೂವರೆ. ಅಷ್ಟು ಮೊತ್ತದ ತನಕ ಮಾಲನ್ನು ಸಾಲಕ್ಕೆ ತರಬಹುದು. ಊರೂರು ತಿರುಗಿ ಮಾರಿ, ಎಷ್ಟು ಕಟ್ಟಿದಳೋ ಅಷ್ಟಕ್ಕೆ ಮತ್ತೆ ಮಾಲು. ಹನ್ನೊಂದು ವರ್ಷ ಅವಳ ಬದುಕು ಸಾಗಿದ್ದು ಹೀಗೆ.

ಈ ಕಾರ್ಡುಗಳನ್ನು ನಿಭಾಯಿಸುವುದರಲ್ಲಿ ಅವಳನ್ನು ಮೀರಿಸುವವರು ಮೂರು ತಾಲ್ಲೂಕಿನಲ್ಲೂ ಇರಲಿಲ್ಲ. ಯಾವ ಕಾರ್ಡನ್ನೂ ಪೂರ್ತಿ ತುಂಬಲು ಬಿಡುತ್ತಿರಲಿಲ್ಲ. ತುಂಬಿದ ಕಾರ್ಡು ನೋಡಿದರೆ ಅಂಗಡಿಯವನ ಮುಖ ಬಿಗಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹೊಸ ಕಾರ್ಡು ಕೇಳುವುದಾದರೆ ಅಡಿಕೆ ಮಾರಿದ ಜನ ಬಾಕಿ ತೀರಿಸಿ, ತನ್ನ ಕೈಯಲ್ಲೂ ನೋಟು ಓಡಾಡುವ ಸುಗ್ಗಿಯಲ್ಲೇ ಕೇಳುತ್ತಿದ್ದಳು. ಮಳೆಗಾಲದಲ್ಲಿ ಕೇಳಿದರೆ, ಪಾಪ ಕಷ್ಟದಲ್ಲಿದ್ದಾಳೆ ಅಂದುಕೊಂಡು ಇದ್ದದ್ದನ್ನೂ ಕಿತ್ತುಕೊಂಡಾರು!

ಎಂಬತ್ತೈದನೇ ಇಸವಿಯಲ್ಲಿ ಆನಂದಪುರದ ಬಸ್ಸು ನಿಲ್ಲುವ ಜಾಗದ ಪಕ್ಕ ರಂಗಮ್ಮನವರ ಮಳಿಗೆ ಖಾಲಿಯಾಯಿತು. ಅಂದಿನಿಂದ ಪುಷ್ಪಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಮೊಣಕಾಲು ಸೋತಿತ್ತು; ಇನ್ನೊಬ್ಬರ ಜಗುಲಿಯಲ್ಲಿ ಸೀರೆ ಬಿಚ್ಚಿ, ಅವರು ಬೇಡವೆಂದ ಮೇಲೆ ಮಡಿಸಿ ಸಾಕಾಗಿತ್ತು. ಜನ ತನ್ನ ಬಾಗಿಲಿಗೆ ಬರಬೇಕು. ಆ ಒಂದು ಆಸೆ ಅವಳನ್ನು ಹಿಡಿದು ಅಲ್ಲಾಡಿಸುತ್ತಿತ್ತು.

"ಯುಗಾದಿ ತಂಕ ಕಾಯ್ತೀನಿ ಪುಷ್ಪಾ, ಆಮೇಲೆ ಬೇರೆಯವ್ರಿಗೆ ಕೊಡೋದೇ" ಎಂದಿದ್ದರು ರಂಗಮ್ಮ.

ಸಾಗರದ ಬ್ಯಾಂಕಿನಲ್ಲಿ ಸಣ್ಣ ವ್ಯಾಪಾರಿಗಳಿಗೆ ಹತ್ತು ಸಾವಿರದ ತನಕ ಸಾಲ ತೆಗೆಯುವ ಲಿಮಿಟ್ ಕೊಡುತ್ತಿದ್ದರು. ಮ್ಯಾನೇಜರ್ ನಾರಾಯಣಮೂರ್ತಿ ಒಳ್ಳೆಯ ಮನುಷ್ಯ, ಆದರೆ ಕಾಗದ ಇಲ್ಲದಿದ್ದರೆ ಸೂರ್ಯ ಹುಟ್ಟಿದ್ದನ್ನೂ ನಂಬುವವರಲ್ಲ.

"ನೋಡಿ ಅಮ್ಮಾ, ಬೇರೆ ಕಡೆ ಸಾಲ ಇಟ್ಕೊಂಡು ಇಲ್ಲಿ ಕೇಳೋ ಹಾಗಿಲ್ಲ. ಮೂರೂ ಅಂಗಡಿಯಿಂದ ಬಾಕಿ ಇಲ್ಲ ಅಂತ ಚೀಟಿ ತನ್ನಿ. ಮಾರ್ಚಿ ಮುಗಿಯೋದ್ರೊಳಗೆ ತಂದ್ರೆ ಈ ವರ್ಷದ ಲೆಕ್ಕದಲ್ಲೇ ಮಾಡ್ಕೊಡ್ತೀನಿ."

ಶುರುವಾಯಿತು ಓಡಾಟ. ಅರಳಸುರಳಿಯ ವರದಮ್ಮನ ಎರಡು ಸೀರೆಯ ಹಣ, ಹೊಳೆಬಾಗಿಲಿನ ದುಗ್ಗಮ್ಮನ ಮಗಳ ಮದುವೆ ಬಾಕಿ, ಎಲ್ಲವನ್ನೂ ಬೆನ್ನು ಹತ್ತಿ ವಸೂಲು ಮಾಡಿದಳು. ಬಸ್ಸಿನಲ್ಲಿ ಸೀಟಿದ್ದರೂ ಬಾಗಿಲ ಬಳಿ ನಿಲ್ಲುತ್ತಿದ್ದಳು, ತಾನು ನಿಂತರೆ ಬಸ್ಸು ಬೇಗ ಹೋಗುತ್ತದೆಯೇನೋ ಎಂಬಂತೆ. ಸಾಲದ್ದಕ್ಕೆ ಕಿವಿಯ ಓಲೆಯನ್ನೂ ಮಾರಿದಳು. ತೀರ್ಥಹಳ್ಳಿಯವನು ಹಣ ಎಣಿಸಿಕೊಂಡು ಎರಡು ಸಾಲು ಗೀಚಿ ಕೊಟ್ಟ. ಹೊಸನಗರದವನು ಕಾಫಿ ತರಿಸಿದ, ಚೀಟಿಯನ್ನೂ ಕೊಟ್ಟ. ಇಬ್ಬರೂ ಕಾರ್ಡು ವಾಪಸು ಇಟ್ಟುಕೊಂಡರು. ಉಳಿದದ್ದು ಮಂಜುನಾಥಪ್ಪನವರ ಅಂಗಡಿ, ಎಂಟುನೂರ ನಲವತ್ತು ರೂಪಾಯಿ.

ಮಂಜುನಾಥಪ್ಪ ಹಣ ಎಣಿಸಿದರು. ಒಂದು ರೂಪಾಯಿಯ ನೋಟನ್ನು ಅವಳತ್ತ ತಳ್ಳಿದರು.

"ಇದು ಇರ್ಲಿ ಬಿಡು."

ಪುಷ್ಪಮ್ಮನಿಗೆ ಗೊತ್ತಿತ್ತು. ಹಳೇ ಗಿರಾಕಿ ಲೆಕ್ಕ ತೀರಿಸಿದರೂ ಒಂದು ರೂಪಾಯಿ ಬಾಕಿ ಉಳಿಸುವುದು ಆ ಅಂಗಡಿಯ ಪದ್ಧತಿ. ಆ ರೂಪಾಯಿ ಇದ್ದರೆ ಪುಟ ಮುಚ್ಚುವುದಿಲ್ಲ, ಹೋಗಿಬರುವುದು ನಿಲ್ಲುವುದಿಲ್ಲ. ಪ್ರತಿ ವರ್ಷ ಅವಳೂ ನಗುತ್ತಾ ಆ ರೂಪಾಯಿ ತೆಗೆದುಕೊಂಡು ಹೋಗಿದ್ದಳು.

"ಇಲ್ಲ ಸಾವ್ಕಾರ್ರೆ, ಈ ಸಲ ಪೂರ್ತಿ ಹಿಡ್ಕಳಿ. ಬಾಕಿ ಏನೂ ಇಲ್ಲ ಅಂತ ಚೀಟಿ ಬೇಕು. ಬ್ಯಾಂಕಿಗೆ."

"ಪೂರ್ತಿ ಚುಕ್ತಾ ಮಾಡೋದು ಜಗಳ ಆಡಿದೋರು, ಇಲ್ಲಾ ಊರು ಬಿಟ್ಟು ಹೋಗೋರು. ನಿಂಗೆ ಯಾವ್ದಾಗಿದೆ?"

"ಎರಡೂ ಅಲ್ಲ. ಕಾಗದ ಕೇಳ್ತಾರೆ, ಅಷ್ಟೇ."

"ಒಂದ್ರೂಪಾಯಿ ಬಾಕಿ ಅಂತ ಬರ್ದ್ರೆ ಬ್ಯಾಂಕು ಮುಳುಗೋಗುತ್ತಾ?"

ಅವಳು ಒಂದು ಗಳಿಗೆ ಯೋಚಿಸಿದ್ದರೆ ಏನಾಗುತ್ತಿತ್ತೋ. ಮ್ಯಾನೇಜರನ್ನು ಕೇಳಿ ಬರುತ್ತೇನೆ ಎನ್ನಬಹುದಿತ್ತು. ಬ್ಯಾಂಕು ಇದ್ದದ್ದು ಅದೇ ರಸ್ತೆಯ ತುದಿಯಲ್ಲಿ. ಆದರೆ ಹತ್ತು ದಿನ ಕಳೆದರೆ ಯುಗಾದಿ. "ತಗಳಿ ಸಾವ್ಕಾರ್ರೆ, ಸುಮ್ನೆ ಹೊತ್ತಾಗುತ್ತೆ" ಎಂದು ನೋಟನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟೇಬಿಟ್ಟಳು. ಮಂಜುನಾಥಪ್ಪ ಅದನ್ನು ನೋಡಿದರು, ಅವಳನ್ನು ನೋಡಿದರು. ಪುಟದ ಮೇಲೆ ಅಡ್ಡಗೆರೆ ಎಳೆದು, ದುಂಡಗಿನ ಅಕ್ಷರದಲ್ಲಿ ಚೀಟಿ ಬರೆದು ರುಜು ಹಾಕಿ ಕೊಟ್ಟರು. ಅವರಿಗೆ ಬೇಸರವಾಯಿತೆಂದು ಅವಳಿಗೆ ತಿಳಿಯಿತು. ಮಳಿಗೆ ಸಿಕ್ಕ ಮೇಲೆ ಸರಿ ಮಾಡಿಕೊಂಡರಾಯಿತು ಎಂದುಕೊಂಡಳು.

ಮಳಿಗೆ ಸಿಕ್ಕಿತು. ಲಿಮಿಟ್ಟೂ ಸಿಕ್ಕಿತು. ರಂಗಮ್ಮನವರಿಗೆ ಮುಂಗಡ ಕೊಟ್ಟು, ಹಲಗೆ ಹೊಡೆಸಿ, ಗೋಡೆಗೆ ಸುಣ್ಣ ಬಳಿಸಿ, ಯುಗಾದಿಯ ಹಿಂದಿನ ದಿನ ಪುಷ್ಪಮ್ಮ ಮಾಲಿಗಾಗಿ ಸಾಗರಕ್ಕೆ ಬಂದಳು. ತೀರ್ಥಹಳ್ಳಿ ಹೊಸನಗರಕ್ಕೆ ಹೋಗುವ ಯೋಚನೆಯೇ ಬರಲಿಲ್ಲ. ಮೊದಲ ಮಾಲು ಮಂಜುನಾಥಪ್ಪನವರ ಕೈಯಿಂದಲೇ ಬರಬೇಕು.

"ಹೊಸ ಕಾರ್ಡು ಬರ್ಕೊಡಿ ಸಾವ್ಕಾರ್ರೆ" ಎಂದಳು ಸಲಿಗೆಯಿಂದ.

"ಬಾಕಿ ಇಲ್ಲ ಅಂತ ನಾನೇ ಬರ್ದು ಕೊಟ್ಟಿದೀನಿ. ಅದಿನ್ನೂ ಬ್ಯಾಂಕಿನೋರ ಹತ್ರ ಇದೆ. ಈಗ ಸಾಲ ಕೊಟ್ಟು ನನ್ ಮಾತು ನಾನೇ ಸುಳ್ಳು ಮಾಡ್ಲಾ?"

ಅವಳಿಗೆ ಮುಖಕ್ಕೆ ಹೊಡೆದಂತಾಯಿತು. ಸಿಟ್ಟೂ ಬಂತು. ಕೊಡದಿದ್ದರೆ ಬೇಡ, ತನ್ನ ಹತ್ತಿರ ಬ್ಯಾಂಕಿನ ಹಣವಿದೆ ಎಂದುಕೊಂಡು, ಮುಂಗಡಕ್ಕೆ ಕೊಟ್ಟು ಉಳಿದದ್ದರಲ್ಲಿ ಬೆಳಿಗ್ಗೆ ತಾನೇ ತೆಗೆದ ನೋಟಿನ ಕಟ್ಟನ್ನು ಮುಂದಿಟ್ಟಳು. "ನಗದೇ ಕೊಡ್ತೀನಿ. ಐವತ್ತು ಸೀರೆ ಕಟ್ಟಿಸಿ. ಮಳೆಗಾಲದಲ್ಲಿ ಖರ್ಚಾಗದೆ ಉಳಿದಿದ್ದು ಯಾವತ್ತಿನಂಗೆ ವಾಪಸ್ ತರ್ತೀನಿ."

ಮಂಜುನಾಥಪ್ಪ ತಮ್ಮ ತಲೆಯ ಮೇಲಿನ ಗೋಡೆಗೆ ಬೆರಳು ತೋರಿಸಿದರು. ಅಲ್ಲೊಂದು ಹಲಗೆ ಇತ್ತು. ‘ನಗದಿಗೆ ಕೊಂಡ ಮಾಲು ವಾಪಸು ಪಡೆಯುವುದಿಲ್ಲ’ ಎಂದು ಬರೆದಿತ್ತು. ಬಣ್ಣ ಮಾಸಿದ ಹಳೆಯ ಅಕ್ಷರ. ಹನ್ನೊಂದು ವರ್ಷ ಅದರ ಕೆಳಗೇ ಕೂತು ಸೀರೆ ಆರಿಸಿದ್ದಳು, ಒಮ್ಮೆಯೂ ಓದಿರಲಿಲ್ಲ. ಅದು ಹೊರಗಿನವರಿಗೆ ಬರೆದದ್ದು.

ಪುಷ್ಪಮ್ಮ ಮೊದಲ ಬಾರಿಗೆ ಸರಿಯಾಗಿ ಲೆಕ್ಕ ಹಾಕಿದಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರೂ ಸೀರೆ ಕೊಳ್ಳುವುದಿಲ್ಲ. ಆ ನಾಲ್ಕು ತಿಂಗಳು ಈ ಮನುಷ್ಯ ಹಣ ಕೇಳುತ್ತಿರಲಿಲ್ಲ, ಬಡ್ಡಿ ಹಾಕುತ್ತಿರಲಿಲ್ಲ, ಉಳಿದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ. ಬ್ಯಾಂಕಿನ ಬಡ್ಡಿಗೆ ಮಳೆಗಾಲವಿಲ್ಲ. ಮಾರದೆ ಉಳಿದ ಒಂದೊಂದು ಸೀರೆಯೂ ಇನ್ನು ಅವಳದೇ.

"ಎಷ್ಟು ಕಟ್ಟಿಸ್ಲಿ? ಐವತ್ತಾ?" ಕೇಳಿದರು ಮಂಜುನಾಥಪ್ಪ.

ನೋಟಿನ ಕಟ್ಟು ಇಬ್ಬರ ನಡುವೆ ಬಿದ್ದಿತ್ತು. ಪುಷ್ಪಮ್ಮ ಅದನ್ನು ನಿಧಾನವಾಗಿ ತನ್ನತ್ತ ಎಳೆದುಕೊಂಡಳು.

"ಆರು ಸಾಕು" ಎಂದಳು.