ಆರನೇ ಕಂತು

ಲ್ಯಾಪ್‌ಟಾಪಿನ ಪರದೆಯ ಮೇಲೆ, ಕೋಣೆಯ ಚಿಲಕ ಹೊರಗಿನಿಂದ ತಾನಾಗಿಯೇ ಹಾಕಿಕೊಂಡಿತು. ಒಳಗೆ ಹುಡುಗಿಯೊಬ್ಬಳು ಚೀರುತ್ತಿದ್ದಳು. ಹೊರಗೆ ಅವಳ ತಂಗಿ ಸುಮ್ಮನೆ ನಿಂತಿದ್ದಳು. ಧಾರಾವಾಹಿಯ ವಿಮರ್ಶೆ ಬರೆಯಲು ಕೂತಿದ್ದವಳು ಗೀಚಿಕೊಂಡಳು: 'ಆರನೇ ಕಂತು. ದೆವ್ವವನ್ನಾದರೂ ನಂಬಬಹುದು, ತಂಗಿ ಬಾಗಿಲು ತೆಗೆಯದೆ ನಿಲ್ಲುವುದನ್ನು ನಂಬಲಾಗದು.'

ಸಂಜೆ ಐದರೊಳಗೆ ಪತ್ರಿಕೆಗೆ ಬರಹ ಹೋಗಬೇಕಿತ್ತು. ಇಂಥ ಎಷ್ಟೋ ದೆವ್ವಗಳನ್ನು ಚಹಾ ಹೀರುತ್ತಲೇ ನೋಡಿ ಮುಗಿಸಿದವಳು ಅವಳು. ಇವತ್ತು ಹಾಡುಹಗಲಲ್ಲೇ ಕಂತನ್ನು ಅರ್ಧಕ್ಕೆ ನಿಲ್ಲಿಸಿದಳು. ಆ ಬಾಗಿಲ ಸಂದಿಯಿಂದ ನುಸಿಗುಳಿಗೆಯ ವಾಸನೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಧಾರಾವಾಹಿಯಲ್ಲಿ ಅದನ್ನು ಯಾರೂ ಹೇಳಿರಲಿಲ್ಲ.

ಅಕ್ಕನಿಗೆ ಫೋನು ಮಾಡಿದಳು.

"ಅಕ್ಕಾ, ನಗಬೇಡ. ಚಿಕ್ಕವಳಿದ್ದಾಗ ಅಮ್ಮ ನನ್ನನ್ನ ಸಾಮಾನು ಕೋಣೇಲಿ ಕೂಡಿಹಾಕ್ತಿದ್ಲಾ?"

ಆಚೆ ಕಡೆ ಸುರಿಯುತ್ತಿದ್ದ ನಲ್ಲಿ ನಿಂತಿತು.

"ನಿನ್ನನ್ನಲ್ಲ. ನನ್ನನ್ನ."

"ಮತ್ತೆ ನಾನು?"

"ನೀನು ಹೊರಗಿರ್ತಿದ್ದೆ. ಎಷ್ಟು ಗೋಗರೆದ್ರೂ ತೆಗೀತಿರಲಿಲ್ಲ. ಅಮ್ಮ ಬೇಡ ಅಂದಿದಾಳೆ, ಅಂತಿದ್ದೆ. ಐದು ವರ್ಷ ಆಗ ನಿಂಗೆ. ಹೋಗ್ಲಿ ಬಿಡು."

ಅಕ್ಕನೇ ಮಾತು ಬದಲಿಸಿದಳು, "ಪುಟ್ಟಿ ಎಲ್ಲಿ? ಶಾಲೆಗೆ ರಜ ಅಲ್ವಾ ಈಗ?"

"ಅಮ್ಮನ ಹತ್ರ. ಬರೆಯೋಕೆ ಬಿಡಲ್ಲ ಅಂತ... ಒಂದು ವಾರದಿಂದ ಹಗಲೆಲ್ಲ ಅಲ್ಲೇ ಬಿಡ್ತಿದೀನಿ."

ತನ್ನ ಮಾತು ತನಗೇ ಕೇಳಿಸಿ, ಫೋನು ಕಟ್ ಮಾಡಿದಳು.

ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಓಡಿದಳು. ಅಮ್ಮನ ಮನೆ ಎರಡು ಬೀದಿ ಆಚೆ. ದಾರಿಯಲ್ಲಿ ಸಂಪಾದಕರ ಕರೆ ಎರಡು ಸಲ ಬಂತು, ಎತ್ತಲಿಲ್ಲ. ಬೆಳಿಗ್ಗೆ ಮಗಳು ಹೊಸ್ತಿಲಲ್ಲೇ ಕಾಲಿಗೆ ಜೋತುಬಿದ್ದು ಒಲ್ಲೆ ಒಲ್ಲೆ ಎಂದದ್ದು, ತಾನು 'ಸಾಕು ನಿನ್ನ ನಾಟಕ' ಎಂದು ಗದರಿದ್ದು ನೆನಪಾಯಿತು.

ಅಮ್ಮ ನಗುತ್ತಲೇ ಬಾಗಿಲು ತೆಗೆದಳು. "ಇಷ್ಟು ಬೇಗ ಬಂದ್ಬಿಟ್ಯಾ? ನಿನ್ನ ಮಗಳು ಎಷ್ಟು ಜಾಣೆ ಆಗಿದಾಳೆ ನೋಡು. ನಾನು ಒಂದು ಸಲ ಹೇಳಿದ್ರೆ ಸಾಕು."

ಹಜಾರದ ತುಂಬ ಬಿಸಿಲು ಬಿದ್ದಿತ್ತು. ಪುಟ್ಟಿ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು, ಎರಡೂ ಕೈ ಮಡಿಲಲ್ಲಿ. ಮುಂದೆ ಇಟ್ಟಿದ್ದ ಬಣ್ಣದ ಪೆನ್ಸಿಲ್ಲಿನ ಡಬ್ಬಿಯನ್ನು ತೆರೆದೇ ಇರಲಿಲ್ಲ.

"ಬಾ ಕಂದಾ, ಮನೆಗೆ ಹೋಗೋಣ," ಎಂದು ಅವಳು ತೋಳು ಚಾಚಿದಳು.

ಪುಟ್ಟಿ ಏಳಲಿಲ್ಲ. ಮೊದಲು ಅಜ್ಜಿಯ ಮುಖ ನೋಡಿದಳು.