ಸಾವಕಾರರು ಹೇಳಿಕೊಟ್ಟ ಮಾತು

"ಏ ಬಾಳಿ, ಕಾಲ ತೊಳದಿಲ್ಲೇನ? ಆ ಸಗಣಿ ಕಾಲ ಜಮಖಾನಿ ಮ್ಯಾಲ ಇಟ್ಟಿ ಅಂದ್ರ ಮುರದ ಕೈಗೆ ಕೊಡ್ತೇನಿ. ಸರಿ ಅತ್ತಾಗ. ನೆಲದ ಮ್ಯಾಲ ಕುಂಡ್ರು."

ಬಾಳವ್ವ ನೆಲದ ಮೇಲೆ ಕೂತಳು. ಗೋಕುಲ ರಸ್ತೆಯ ಈ ಬಂಗಲೆಯಲ್ಲಿ ಪಾತ್ರೆ ತಿಕ್ಕಿ, ಎಮ್ಮೆಯ ಸಗಣಿ ಬಾಚಿ ಅವಳ ಮೊಣಕಾಲು ಸವೆದಿದ್ದವು. ಮುಂಬಾಗಿಲಿನಿಂದ ಪಡಸಾಲೆಗೆ ಕರೆಸಿಕೊಂಡದ್ದು ಇದೇ ಮೊದಲು, ಅದೂ ಪ್ರೀತಿಗೇನಲ್ಲ. ಧಾರವಾಡದ ಒಂದು ಸಂಸ್ಥೆಯವರು ಹಳೆಯ ನಾಟಕದವರ, ಸಿನಿಮಾದವರ ಮಾತನ್ನು ಅವರ ಬಾಯಿಂದಲೇ ಕೇಳಿ, ಟೇಪಿನಲ್ಲಿ ತುಂಬಿ ಕಾದಿಡುತ್ತಿದ್ದರು. ಫಕೀರಪ್ಪ ಸಾವಕಾರನ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದವರ ಪೈಕಿ ಜೀವ ಹಿಡಿದುಕೊಂಡು ಉಳಿದವಳು ಇವಳೊಬ್ಬಳೇ. ಫಕೀರಪ್ಪ ಎಂದೋ ಸತ್ತು ಫೋಟೋ ಆಗಿ ಗೋಡೆ ಹತ್ತಿದ್ದ. ಮಗ ಶಿವಯೋಗೀಶ ಹತ್ತಿ ವ್ಯಾಪಾರದಲ್ಲಿ ಕೈತುಂಬ ದುಡ್ಡು ಮಾಡಿಕೊಂಡು, ಈಗ ಅಪ್ಪನ ಹೆಸರಿನಲ್ಲಿ ಅದೇ ಸಂಸ್ಥೆಗೆ ಕಟ್ಟಡ ಕಟ್ಟಿಸಿಕೊಡಲು ಹೊರಟಿದ್ದ. ಹೆಸರೆಂದರೆ ಸುಮ್ಮನೆ ಬರುತ್ತದೆಯೇ, ಅದಕ್ಕೂ ತಾಲೀಮು ಬೇಕು.

"ಹೇಳು ಮತ್ತೊಮ್ಮೆ. ನಮ್ಮಪ್ಪ ಹೆಂಗಿದ್ದ?" ಎಂದು ಕೇಳಿದ ಶಿವಯೋಗೀಶ.

"ಮಾಲಕರು ತಂದಿ ಇದ್ದಂಗ ಇದ್ರು. ನಮ್ಮನ್ನ ಮನಿ ಮಕ್ಕಳಂಗ ನೋಡಿಕೊಂಡ್ರು."

"ನಿನ್ನ ತಂಗಿ?"

ಬಾಳವ್ವ ಸೆರಗಿನ ತುದಿ ಹಿಂಡಿದಳು.

"ಬಾಯಾಗ ಕಡಬ ಇಟಗೊಂಡೀಯೇನ? ದುರ್ಗಿ ಏನಾದ್ಲು?"

"ತಬಲಾದಾವನ ಜೋಡಿ ಓಡಿ ಹ್ವಾದ್ಲು."

"ಅಷ್ಟ. ಒಂದ ಅಕ್ಷರ ಹೆಚ್ಚು ಕಡಿಮಿ ಆತಂದ್ರ ಹಿತ್ತಲದ ಖೋಲಿ ಇವತ್ತ ಖಾಲಿ. ಈ ವಯಸ್ಸಿಗೆ ನಿನಗ ಯಾವ ನಾಯಿ ಜಾಗಾ ಕೊಡ್ತೈತಿ ನೋಡೂಣು. ನಡುವ ಮರತ್ರ ಪರದೆ ಹಿಂದ ನಿಂತು ನಾ ಹೇಳಿಕೊಡ್ತೇನಿ. ಪ್ರಾಂಪ್ಟರ್ ಅಂತ ತಿಳಕೊ. ಹೇಳಿದಷ್ಟ ಒದರು."

ಬಾಳವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಕಂಪನಿಯಲ್ಲಿ ಅಂಥವರಿಗೆಲ್ಲ ಪ್ರಾಂಪ್ಟರನೇ ಗತಿ. ಸೈಡಿನ ಪರದೆಯ ಮರೆಯಲ್ಲಿ ಕೂತು ಅವನು ಪಿಸುಗುಟ್ಟಿದ್ದನ್ನು ಇವರು ಹಿಂದಿನ ಸಾಲಿಗೂ ಕೇಳುವಂತೆ ಎತ್ತಿ ಆಡಬೇಕು. ಅರ್ಥ ಕೇಳುವ ಹಾಗಿಲ್ಲ. ಕಿವಿಗೆ ಬಿದ್ದದ್ದು ಬಾಯಿಂದ ಬರಬೇಕು, ನಡುವೆ ತಲೆಗೆ ಕೆಲಸವಿಲ್ಲ ಎಂದು ಫಕೀರಪ್ಪ ಬೆತ್ತದಿಂದಲೇ ಕಲಿಸಿದ್ದ.

ದುರ್ಗವ್ವ ಓಡಿ ಹೋಗಿರಲಿಲ್ಲ. ನವಲಗುಂದದ ಕ್ಯಾಂಪಿನಲ್ಲಿ, ಬಸುರು ಮಾಡಿದ ಮಾಲಕನೇ ಅವಳಿಗೆ ಅದೆಂಥದೋ ಬೇರು ಅರೆದು ಕುಡಿಸಿದ್ದ. ರಕ್ತ ನಿಲ್ಲದಿದ್ದರೂ, ಮಂದಿ ತುಂಬೇತಿ ನಡಿ ಎಂದು ರಂಗಕ್ಕೆ ನೂಕಿದ. ಎರಡನೆಯ ಅಂಕ ಮುಗಿದು ಪರದೆ ಬಿತ್ತು, ಹಿಂದೆಯೇ ಹುಡುಗಿಯೂ ಬಿದ್ದಳು. ಬೆಳಗಾಗುವುದರೊಳಗೆ ಮಣ್ಣು ಮಾಡಿ, ಊರಿಗೆಲ್ಲ ಓಡಿ ಹೋದಳೆಂದು ಸಾರಿದರು. ಬೆಂಗೇರಿಯಲ್ಲಿದ್ದ ಅವ್ವ ಅದನ್ನೇ ನಂಬಿದಳು. ಅಕ್ಕ ಹೇಳಬಹುದಿತ್ತು, ಆದರೆ ಕಂಪನಿಯ ಅನ್ನ ತಿನ್ನುವ ಬಾಯಿ, ಬಿಟ್ಟರೆ ಬಣ್ಣಗೇಡು. ಸತ್ತವಳಿಗೆ ಇಡುವ ಒಂದು ಎಡೆಯೂ ದುರ್ಗವ್ವನಿಗೆ ಸಿಗಲಿಲ್ಲ. ಓಡಿ ಹೋದವಳಿಗೆ ಯಾರು ಎಡೆ ಇಡುತ್ತಾರೆ? ಅವ್ವ ಸಾಯುವಾಗಲೂ ಮಗಳಿಗೆ ಶಾಪ ಹಾಕುತ್ತಲೇ ಸತ್ತಳು.

ಸಂಸ್ಥೆಯ ಗೀತಾಂಜಲಿ ಬಂದಳು, ಜೊತೆಗೆ ಟೇಪಿನ ಯಂತ್ರ ನೋಡಿಕೊಳ್ಳುವ ಅಮೀನಸಾಬ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅವನು ಮೈಕನ್ನು ಬಾಳವ್ವನ ಮುಂದೆ ಸಣ್ಣ ಸ್ಟೂಲಿನ ಮೇಲಿಟ್ಟ.

"ಮಾತಾಡೋರನ್ನ ಬಿಟ್ಟು ಬ್ಯಾರೆ ಯಾರೂ ಇರಬಾರದರಿ, ಸರ್. ನಮ್ಮ ಪದ್ಧತಿ ಹಂಗೈತಿ," ಎಂದಳು ಗೀತಾಂಜಲಿ, ಸ್ವಲ್ಪ ಅಳುಕಿಕೊಂಡೇ.

"ಅದಕ್ಕೇನ್ರಿ, ಮಾಡ್ರಿ. ನಾ ಪೂಜಾಕ್ಕ ಹೊಂಟೇನಿ," ಎಂದು ಶಿವಯೋಗೀಶ ನಕ್ಕು ಒಳಗೆ ಹೋದ. ಎಲ್ಲಿಯ ಪೂಜೆ. ಬಾಳವ್ವನ ಬೆನ್ನಿಗೇ ಇದ್ದ ಒಳಬಾಗಿಲ ಪರದೆಯ ಹಿಂದೆ ಅವನ ಉಸಿರು ನಿಂತದ್ದು ಅವಳಿಗೆ ತಿಳಿಯಿತು.

ಹೆಸರು, ಊರು, ಕಟ್ಟಿದ ಪಾತ್ರ ಎಲ್ಲ ಆಯಿತು. ಮಾಲಕರು ತಂದೆಯ ಹಾಗಿದ್ದರು ಎಂಬುದೂ ಒಂದಕ್ಷರ ತಪ್ಪದೆ ಆಯಿತು. ಆಮೇಲೆ ಗೀತಾಂಜಲಿ ಕೇಳಿದಳು:

"ನಿಮ್ಮ ತಂಗೀನೂ ಕಂಪನ್ಯಾಗ ಇದ್ರಂತಲ್ರಿ ಅಜ್ಜಿ. ಅವರದು ಹೇಳ್ರಲಾ."

ಬಾಳವ್ವನ ಕಣ್ಣಿಗೆ ಹಿತ್ತಲ ಖೋಲಿ ಬಂತು, ಅವ್ವನ ಶಾಪ ಕಿವಿಗೆ ಬಂತು. ಅತ್ತ ದರಿ ಇತ್ತ ಪುಲಿ. ಅಷ್ಟರಲ್ಲಿ ಬೆನ್ನ ಹಿಂದಿನ ಪರದೆ ಪಿಸುಗುಟ್ಟಿತು.

"ಓಡಿ ಹ್ವಾದ್ಲು ಅನ್ನು."

ಅವಳಿಗೆ ಏನಾಯಿತೋ, ಬೆನ್ನು ತಾನಾಗಿ ನೆಟ್ಟಗಾಯಿತು. ರಂಗದ ಮೇಲಿನ ದನಿ ತೆಗೆದಳು.

"ಓಡಿ ಹ್ವಾದ್ಲು ಅನ್ನು."

"ಏನಂದ್ರಿ?" ಗೀತಾಂಜಲಿಗೆ ಗಲಿಬಿಲಿ.

"ಅನ್ನು ಅಂತ ಅನಬ್ಯಾಡ, ಹುಚ್ಚ ಮುದಕಿ," ಎಂದಿತು ಪರದೆ.

"ಅನ್ನು ಅಂತ ಅನಬ್ಯಾಡ, ಹುಚ್ಚ ಮುದಕಿ," ಎಂದಳು ಬಾಳವ್ವ, ಮೈಕಿಗೆ.

"ಬಾಯಿ ಮುಚ್ಚ, ಸೂಳಿ. ಖೋಲಿ ಬಿಡಸ್ತೇನಿ."

"ಬಾಯಿ ಮುಚ್ಚ, ಸೂಳಿ. ಖೋಲಿ ಬಿಡಸ್ತೇನಿ."

ಅಮೀನಸಾಬ ಹೆಡ್‌ಫೋನನ್ನು ಒತ್ತಿ ಹಿಡಿದು ಪರದೆಯ ಕಡೆಗೆ ನೋಡಿದ. ಬಾಳವ್ವನಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಕಿವಿ ಹಿಂದಕ್ಕೆ ಕೊಟ್ಟು ಕೂತಳು. ಸಿಟ್ಟು ನೆತ್ತಿಗೇರಿದ ಮನುಷ್ಯನ ನಾಲಗೆಗೆ ಮೂಗುದಾರ ಎಲ್ಲಿರುತ್ತದೆ.

"ದುರ್ಗಿನ್ನ ಹುಗದಂಗ ನಿನ್ನೂ ಹುಗಿತೇನಿ, ರಂಡಿ."

ಅದನ್ನವಳು ಅವಸರ ಮಾಡದೆ, ಬಿಡಿ ಬಿಡಿಯಾಗಿ ಅಂದಳು.

"ದುರ್ಗಿನ್ನ. ಹುಗದಂಗ. ನಿನ್ನೂ ಹುಗಿತೇನಿ. ರಂಡಿ."

ಪರದೆ ಕಿತ್ತುಬರುವಂತೆ ಸರಿಸಿ ಶಿವಯೋಗೀಶ ಹೊರಗೆ ಬಂದ. ಹಣೆಯ ಮೇಲೆ ವಿಭೂತಿ ಬೆವರಿಗೆ ಕಲಸಿಹೋಗಿತ್ತು.

"ಬಂದ್ ಮಾಡ್ರಿ ಅದನ್ನ. ಮುದಕಿಗೆ ತಲಿ ಕೆಟ್ಟೈತಿ. ಕಟ್ಟಡ ಬೇಕೋ ಬ್ಯಾಡೋ ನಿಮಗ?"

ಗೀತಾಂಜಲಿಯ ಕೈ ಯಂತ್ರದ ಕಡೆಗೆ ಹೋಯಿತು. ಅದಕ್ಕಿಂತ ಮೊದಲೇ ಬಾಳವ್ವ ಜಮಖಾನೆಯ ಮೇಲೆ ಮೊಣಕಾಲೂರಿ ಬಂದು, ಪಾತ್ರೆ ತಿಕ್ಕಿ ಒಡೆದ ಅಂಗೈಯನ್ನು ಗುಂಡಿಗಳ ಮೇಲೆ ಮುಚ್ಚಿಬಿಟ್ಟಳು.

"ಅಕ್ಕಾರ, ಇವರು ಹೇಳಿಕೊಟ್ಟದ್ದು ಮುಗೀತು. ಇನ್ನ ನಂದು ಕೇಳ್ರಿ."

"ಇದನ್ನ ಇಟಗೊಳ್ಳಾಕ ನಮಗ ಬಿಡ್ತಾರೋ ಇಲ್ಲೋ ಗೊತ್ತಿಲ್ರಿ, ಅಜ್ಜಿ."

"ಇಡ್ರಿ, ಬಿಡ್ರಿ. ಕೇಳೂದಂತೂ ಕೇಳ್ರಿ."

ಹೊರಗಿನವರ ಎದುರು ಮುದುಕಿಯ ಮೇಲೆ ಕೈ ಮಾಡಲು ಶಿವಯೋಗೀಶನಿಗೆ ಧೈರ್ಯವಾಗಲಿಲ್ಲ. ಹಿತ್ತಲಿಗೆ ನಡೆದು ಆಳು ಅರ್ಜುನಪ್ಪನನ್ನು ಕೂಗಿದ. "ಅಕಿ ಸಾಮಾನ ಎಲ್ಲಾ ರಸ್ತಾಕ್ಕ ಒಗಿ."

ಹಿತ್ತಲ ಕಲ್ಲಿನ ಮೇಲೆ ಮೊದಲು ಕೊಡ ಬಿತ್ತು. ಆಮೇಲೆ ಬೋಗುಣಿ, ತಾಟು. ಅಮೀನಸಾಬ ಕಿಟಕಿ ಮುಚ್ಚಲು ಎದ್ದ.

"ಕುಂಡ್ರು ತಮ್ಮಾ," ಎಂದಳು ಬಾಳವ್ವ. "ಆ ಸಪ್ಪಳಾನೂ ಬರ್ಲಿ. ನನ್ನ ಸಂಸಾರದ್ದ ಐತಿ."

ಅವಳು ಅಂಗೈಯನ್ನು ಯಂತ್ರದ ಮೇಲಿಂದ ತೆಗೆಯಲಿಲ್ಲ.

"ನನ್ನ ತಂಗಿ ದುರ್ಗವ್ವ ಓಡಿ ಹೋಗಿಲ್ರಿ. ಬಣ್ಣದ ಖೋಲ್ಯಾಗ ನನ್ನ ತೊಡಿ ಮ್ಯಾಲ ಸತ್ಲು. ಆಟ ನಿಲ್ಲಬಾರದಂತ ಮೂರನೇ ಅಂಕಕ್ಕ ಮಾಲಕರು ನನ್ನ ಕಳಿಸಿದ್ರು. ಅಕಿ ಮೈಮ್ಯಾಲಿನ ಸೀರಿನ ಬಿಚ್ಚಿ ಉಡಿಸಿದ್ರು. ಇನ್ನೂ ಹಸಿ ಇತ್ರಿ."